ವಹಿಯೇ ಇಲ್ಲದ ಸರದಿ: ಒಂದು ಆಪ್ತಸಲಹೆ ಪ್ರಕರಣ

ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರು, ಉದ್ಯೋಗ ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಅವರು ನನ್ನ ಬಳಿ ಬಂದದ್ದು ಮಗನಿಗಾಗಿ ಅಲ್ಲ, ತಮಗೆ ನಿದ್ದೆ ಬರುತ್ತಿಲ್ಲ ಎಂದು. ವಯಸ್ಸು ಮೂವತ್ತರ ಒಳಗೆ. ಮಧ್ಯ ಕರ್ನಾಟಕದ ಒಂದು ತಾಲ್ಲೂಕಿನವರು, ಗಂಡ ಗೂಡ್ಸ್ ಆಟೊ ಓಡಿಸುತ್ತಾರೆ. ಮೊದಲ ಭೇಟಿಯ ಮುಕ್ಕಾಲು ಗಂಟೆಯಲ್ಲಿ ಕೈಯಲ್ಲಿದ್ದ ಫೋನನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ಯಾರ ಫೋನ್ ಬರಬೇಕಿತ್ತು ಎಂದು ಕೇಳಿದೆ. "ಆಸ್ಪತ್ರೆಯಿಂದ ಮೇಡಂ. ಸ್ನಾನಕ್ಕೆ ಹೋದ್ರೂ ಸ್ಟೂಲ್ ಮೇಲೆ ಇಟ್ಕೊಂಡೇ ಇರ್ತೀನಿ. ಕರೀತೀವಿ ಅಂದಿದ್ದಾರೆ."

ಹಾಗೆ ಹೇಳಿ ಹನ್ನೊಂದು ತಿಂಗಳಾಗಿತ್ತು.

ಮಗನನ್ನು ಮನೆಯಲ್ಲಿ ಪುಟ್ಟ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಆಗ ಅವನಿಗೆ ಮೂರು ವರ್ಷ ಎಂಟು ತಿಂಗಳು. ಎರಡನೇ ಭೇಟಿಗೆ ಅವನನ್ನೂ ಕರೆತಂದರು. ಕೋಣೆಗೆ ಬಂದವನು ನನ್ನ ಮುಖ ನೋಡಲಿಲ್ಲ. ಗೋಡೆಯ ಅಂಚಿಗೆ ಕೆನ್ನೆ ಒತ್ತಿ ಒಂದು ಸುತ್ತು ಹಾಕಿ ಬಂದ. ಆಮೇಲೆ ಅಮ್ಮನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ, ಅವಳ ಕೈಯನ್ನು ನೀರಿನ ಫಿಲ್ಟರಿನ ನಲ್ಲಿಯ ಮೇಲೆ ಇಟ್ಟ. ನಲ್ಲಿ ಅವನ ಕೈಗೇ ಎಟುಕುತ್ತಿತ್ತು. ಆದರೂ ಅಮ್ಮನ ಕೈಯೇ ಬೇಕು, ಆ ಕೈ ಅವನಿಗೊಂದು ಉಪಕರಣ. ಕಂಡವರಿಗೆ ಇದು ಸಣ್ಣ ಸಂಗತಿ ಎನಿಸಬಹುದು. ಮಾತು ಬಾರದ ಮಗು ತನ್ನ ಬಯಕೆಯನ್ನು ತಲುಪಿಸಲು ತಾನೇ ಹುಡುಕಿಕೊಂಡ ದಾರಿ ಇದು. ಸ್ಪೀಚ್ ಥೆರಪಿ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಆರೋಗ್ಯ ಇಲಾಖೆಯವರೇ ಅವನನ್ನು ಗುರುತಿಸಿದ್ದರು ಎಂಬುದನ್ನು ಹೇಳಲೇಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಅದರಡಿ ಸಂಚಾರಿ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಬಂದಿತ್ತು. ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ತೋರಿಸುವುದಿಲ್ಲ ಎಂಬುದನ್ನು ತಂಡದ ವೈದ್ಯೆ ಗಮನಿಸಿ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ, ಎಲ್ಲರೂ ಡಿಇಐಸಿ ಎನ್ನುವ ಕಡೆಗೆ, ಚೀಟಿ ಬರೆದುಕೊಟ್ಟರು. ಅಲ್ಲಿ ಆಟಿಸಂ ಎಂದು ಗೊತ್ತಾಯಿತು. ಸ್ಪೀಚ್ ಥೆರಪಿ, ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ ಎರಡೂ ಬೇಕು, ಸದ್ಯ ಜಾಗವಿಲ್ಲ, ನಂಬರ್ ಕೊಟ್ಟು ಹೋಗಿ, ಕರೀತೀವಿ ಎಂದರು. ನಂಬರನ್ನು ಒಂದು ತುಂಡು ಕಾಗದದಲ್ಲಿ ಬರೆದುಕೊಂಡರು. ತಾಯಿಗೆ ಯಾವ ಚೀಟಿಯೂ ಸಿಗಲಿಲ್ಲ.

ಮಗುವಿನ ಮಿದುಳು ಹೊಸದನ್ನು ಬೇಗ ಹಿಡಿಯುವ ವಯಸ್ಸು ಇದು. ಆ ವಯಸ್ಸಿನಲ್ಲೇ ಕೈಹಿಡಿಯಬೇಕೆಂದು ಕೇಂದ್ರದ ಹೆಸರಲ್ಲೇ "ಶೀಘ್ರ" ಎಂಬ ಪದ ಸೇರಿಸಿದ್ದಾರೆ.

ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. "ಸರ್ಕಾರಿ ಆಸ್ಪತ್ರೆ ಅಂದ್ಮೇಲೆ ತಡ ಆಗುತ್ತೆ, ತಾಳ್ಮೆ ಇರಲಿ ಅಮ್ಮಾ" ಎಂದುಬಿಟ್ಟೆ. ಸಾಂತ್ವನ ಹೇಳಿದೆ ಎಂದುಕೊಂಡಿದ್ದೆ. ಆದರೆ ಆ ಮಾತು ಅವರ ಎದೆಯ ಮೇಲಿದ್ದ ಕಲ್ಲಿನ ಮೇಲೆ ಇನ್ನೊಂದು ಕಲ್ಲಿಟ್ಟಂತಾಗಿತ್ತು. ಮೂರನೇ ಭೇಟಿಯಲ್ಲಿ ಅದು ಹೊರಬಂತು. ಊರಿನ ಜಾತ್ರೆಯ ದಿನ ಅವರ ಫೋನಿಗೆ ಲ್ಯಾಂಡ್‌ಲೈನ್ ನಂಬರಿನಿಂದ ಒಂದು ಮಿಸ್ಡ್ ಕಾಲ್ ಬಂದಿತ್ತು. ತೇರಿನ ಗದ್ದಲದಲ್ಲಿ ಕೇಳಿಸಿರಲಿಲ್ಲ. ಸಂಜೆ ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ. "ಅದೇ ಆಸ್ಪತ್ರೆ ಫೋನು. ನಾನು ತೆಗೀಲಿಲ್ಲ, ಪುಟ್ಟನ ನಂಬರ್ ಬೇರೆಯವರಿಗೆ ಹೋಯ್ತು. ನನ್ನ ಮಗನ ಮಾತು ನಾನೇ ತೇರಿನ ಹಿಂದೆ ಕಳಕೊಂಡೆ." ಇದನ್ನು ಅವರು ಗಂಡನಿಗೂ ಹೇಳಿರಲಿಲ್ಲ. ಮೊಬೈಲ್ ಕೊಟ್ಟಿದ್ದಕ್ಕೇ ಮಗು ಹೀಗಾಯಿತು ಎಂದು ಅತ್ತೆ ದಿನಕ್ಕೊಮ್ಮೆ ಅನ್ನುತ್ತಿದ್ದರು. ಅದನ್ನೂ ಇವರು ಒಳಗೊಳಗೇ ನಂಬಿದ್ದರು.

ಅಲ್ಲಿಗೆ ನನಗೆ ದಾರಿ ಸ್ಪಷ್ಟವಾಯಿತು. ಆಟಿಸಂ ಹುಟ್ಟಿನಿಂದ ಬರುವ ಬೆಳವಣಿಗೆಯ ಭಿನ್ನತೆ, ಮೊಬೈಲಿನಿಂದಾಗಲಿ ತಾಯಿಯ ಅಲಕ್ಷ್ಯದಿಂದಾಗಲಿ ಬರುವುದಿಲ್ಲ ಎಂದು ಅತ್ತೆಯನ್ನೂ ಕರೆಸಿ ಕೂರಿಸಿ ಹೇಳಿದೆ. ಅವರು ಒಪ್ಪಿದರೋ ಇಲ್ಲವೋ, ಮನೆಯಲ್ಲಿ ಆ ಮಾತು ನಿಂತಿತು. ಮಿಸ್ಡ್ ಕಾಲಿನ ಅಪರಾಧಭಾವವನ್ನು ಮಾತ್ರ ಮಾತಿನಿಂದ ಕರಗಿಸಲಾಗಲಿಲ್ಲ. ನಿಮ್ಮ ತಪ್ಪಲ್ಲ ಎಂದು ನಾನು ಎಷ್ಟು ಸಲ ಹೇಳಿದರೂ ಅದು ನನ್ನ ಊಹೆಯಷ್ಟೆ. ಸರದಿ ಹೇಗೆ ನಡೆಯುತ್ತಿದೆ ಎಂಬುದು ನನಗೂ ಗೊತ್ತಿರಲಿಲ್ಲ. ಗೊತ್ತಿದ್ದವರು ಬರೆದುಕೊಡಬೇಕಿತ್ತು.

ಮಾಹಿತಿ ಹಕ್ಕಿನಡಿ ಅರ್ಜಿ ಹಾಕೋಣ ಎಂದೆ. ಗಂಡ ತಕ್ಷಣ ಬೇಡ ಎಂದರು. "ಇರೋದು ಒಬ್ರೇ ಥೆರಪಿ ಮೇಡಂ. ಅವರಿಗೆ ಬೇಜಾರಾದ್ರೆ ನಾಳೆ ನಮ್ ಹುಡುಗನ್ನ ಮುಟ್ತಾರಾ?" ಈ ಭಯವನ್ನು ನಾನು ಬಹಳ ಮನೆಗಳಲ್ಲಿ ಕಂಡಿದ್ದೇನೆ, ಹಗುರವಾಗಿ ತಳ್ಳಿಹಾಕುವಂಥದ್ದಲ್ಲ. ಸೇವೆ ಕೊಡುವ ಕೈ ಒಂದೇ ಇದ್ದಾಗ ಪ್ರಶ್ನೆ ಕೇಳುವುದೆಂದರೆ ಆ ಕೈಯನ್ನೇ ಕಚ್ಚಿದಂತೆ ಅನಿಸುತ್ತದೆ. ಎರಡು ವಾರ ಅರ್ಜಿಯ ಮಾತೆತ್ತಲಿಲ್ಲ. ಆಮೇಲೆ ಹೀಗೆ ಹೇಳಿದೆ: ವ್ಯಕ್ತಿಯ ಬಗ್ಗೆ ಕೇಳುವುದು ಬೇಡ, ಹುದ್ದೆಯ ಬಗ್ಗೆ ಕೇಳೋಣ. ಆ ಕೇಂದ್ರದ ಹುದ್ದೆಗಳು ರಾಷ್ಟ್ರೀಯ ಆರೋಗ್ಯ ಅಭಿಯಾನದ ವಾರ್ಷಿಕ ಯೋಜನೆಯಲ್ಲಿ ಮಂಜೂರಾಗುತ್ತವೆ. ನೂರು ರೂಪಾಯಿಯಲ್ಲಿ ಅರವತ್ತು ಕೇಂದ್ರ ಸರ್ಕಾರದ್ದು, ನಲವತ್ತು ರಾಜ್ಯದ್ದು. ನಿಮ್ಮ ಆಟೊದ ಡೀಸೆಲ್ ತೆರಿಗೆಯೂ ಅದರಲ್ಲಿದೆ. ಇದರ ಲೆಕ್ಕ ಕೇಳಿದರೆ ಥೆರಪಿಸ್ಟ್ ಮೇಲೆ ದೂರು ಹೇಳಿದಂತೆ ಆಗುವುದಿಲ್ಲ. ಎಷ್ಟೋ ಸಲ ಅವರಿಗೇ ಅದರಿಂದ ಅನುಕೂಲ.

ಗಂಡ ಸುಮ್ಮನೆ ಕೂತಿದ್ದು ಕೊನೆಗೆ, "ಬರ್ಕೊಡಿ, ಸೈನ್ ನಾನೇ ಹಾಕ್ತೀನಿ" ಎಂದರು.

ಇಂಥ ಅರ್ಜಿ ಬರೆಯುವವರಿಗೆ ಉಪಯೋಗವಾಗಲೆಂದು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಬೇಕು. ಯಾಕೆ ತಡ, ಯಾವಾಗ ಕರೀತೀರಿ ಎಂದು ಕೇಳಬೇಡಿ. ಅದು ಮಾಹಿತಿಯಲ್ಲ, ವಿವರಣೆ ಎಂದು ಅರ್ಜಿ ತಿರುಗಿ ಬರುತ್ತದೆ. ಇರುವ ದಾಖಲೆಯ ಪ್ರತಿಯನ್ನೇ ಕೇಳಿ. ನಾವು ಕೇಳಿದ್ದು ಇಷ್ಟು: ಕೇಂದ್ರಕ್ಕೆ ಮಂಜೂರಾದ ಹುದ್ದೆಗಳ ಪಟ್ಟಿ, ಭರ್ತಿಯಾದವು ಮತ್ತು ಖಾಲಿ ಇರುವವು, ಖಾಲಿಯಾದ ದಿನಾಂಕ; ಸ್ಪೀಚ್ ಥೆರಪಿಗೆ ಕಾಯುತ್ತಿರುವ ಮಕ್ಕಳ ವಹಿಯ ದೃಢೀಕೃತ ಪ್ರತಿ, ಹೆಸರುಗಳನ್ನು ಮುಚ್ಚಿ; ಯಾವ ಕ್ರಮದಲ್ಲಿ ಕರೆಯಬೇಕೆಂದು ಹೇಳುವ ಸುತ್ತೋಲೆ ಇದ್ದರೆ ಅದರ ಪ್ರತಿ. ಮಕ್ಕಳ ಹೆಸರು ಮುಚ್ಚಿ ಎಂದು ನಾವೇ ಬರೆದದ್ದು ಮುಖ್ಯ. ಇನ್ನೊಬ್ಬ ತಾಯಿಯ ಗುಟ್ಟನ್ನು ನಮ್ಮ ಹಕ್ಕಿಗಾಗಿ ಬಯಲು ಮಾಡಬಾರದು.

ಮೂವತ್ತು ದಿನದಲ್ಲಿ ಬರಬೇಕಾದ ಉತ್ತರ ಬರಲಿಲ್ಲ. ಮೊದಲ ಮೇಲ್ಮನವಿ ಬರೆದಿಟ್ಟೆವು, ಅಂಚೆಗೆ ಹಾಕುವ ಮುನ್ನವೇ ಉತ್ತರ ಬಂತು. ಒಂದೂವರೆ ಪುಟ. ಸ್ಪೀಚ್ ಥೆರಪಿಸ್ಟ್ ಹುದ್ದೆ ಒಂದು ಮಂಜೂರಾಗಿದೆ, ಒಂದೂವರೆ ವರ್ಷದಿಂದ ಖಾಲಿ ಇದೆ. ಪಕ್ಕದ ಜಿಲ್ಲೆಯವರೊಬ್ಬರು ವಾರಕ್ಕೆ ಎರಡು ದಿನ ಬರುತ್ತಾರೆ. ಕೊನೆಯ ಪ್ರಶ್ನೆಗಳ ಎದುರು, "ಸದರಿ ವಹಿಯನ್ನು ನಿರ್ವಹಿಸಿರುವುದಿಲ್ಲ."

ತಾಯಿ ಆ ಸಾಲನ್ನು ಬೆರಳಿಟ್ಟು ಎರಡು ಸಲ ಓದಿದರು. "ಹಂಗಂದ್ರೆ ಪಟ್ಟಿನೇ ಇರ್ಲಿಲ್ವಾ ಅಕ್ಕಾ?" ಅಲ್ಲಿಯವರೆಗೂ ಮೇಡಂ ಎನ್ನುತ್ತಿದ್ದವರು ಅಂದು ಮೊದಲ ಸಲ ಅಕ್ಕಾ ಎಂದರು. ಇರಲಿಲ್ಲ ಎಂದೆ. "ಮತ್ತೆ ಆ ಫೋನು?" ಯಾರದ್ದೋ ಗೊತ್ತಿಲ್ಲ, ಆದರೆ ಪುಟ್ಟನ ಸರದಿ ಬಂದು ಬಂದ ಫೋನಂತೂ ಅಲ್ಲ, ಸರದಿಯೇ ಇರಲಿಲ್ಲ ಎಂದೆ. ಬಹಳ ಹೊತ್ತು ಅತ್ತರು. ನಾನು ನೀರು ಕೊಟ್ಟು ಸುಮ್ಮನೆ ಕೂತೆ. ಅತ್ತು ಮುಗಿದ ಮೇಲೆ ಬಂದದ್ದು ಸಿಟ್ಟು. ಆ ಸಿಟ್ಟನ್ನು ನೋಡಿ ನನಗೆ ಸಮಾಧಾನವಾಯಿತು, ಯಾಕೆಂದರೆ ಅದು ಮೊದಲ ಸಲ ಅವರ ಒಳಕ್ಕೆ ತಿರುಗದೆ ಹೊರಕ್ಕೆ ತಿರುಗಿತ್ತು. ಆ ವಾರದಿಂದ ಫೋನ್ ಸ್ನಾನದ ಮನೆಗೆ ಹೋಗಲಿಲ್ಲ. ನಿದ್ದೆ ಸರಿಯಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಎಷ್ಟು ಮಕ್ಕಳು ಕಾಯುತ್ತಿದ್ದಾರೆ ಎಂಬ ಲೆಕ್ಕವೇ ಇಲ್ಲದಿದ್ದರೆ ಖಾಲಿ ಹುದ್ದೆ ಯಾರಿಗೂ ತುರ್ತು ಎನಿಸುವುದಿಲ್ಲ. ತಪಾಸಣೆಗೆ ಬಂದ ಮೇಲಧಿಕಾರಿಗೆ ಬಂದು ಹೋದ ಮಕ್ಕಳ ಸಂಖ್ಯೆ ತೋರಿಸಬಹುದು. ಬರಲಾಗದೆ ಮನೆಯಲ್ಲಿ ಕೂತವರ ಸಂಖ್ಯೆ ಯಾವ ವರದಿಯಲ್ಲೂ ಇರುವುದಿಲ್ಲ. ಬರೆಯದೇ ಹೋದ ಆ ಪಟ್ಟಿ ತಾಯಂದಿರ ಮನಸ್ಸಿನಲ್ಲಿ ಅಪರಾಧಭಾವವಾಗಿ ಬರೆದುಕೊಳ್ಳುತ್ತದೆ. ಆದ್ದರಿಂದ ವಹಿ ಇಡುವುದನ್ನು ನಾನು ಬರೀ ಆಡಳಿತದ ವಿಷಯವೆಂದು ನೋಡುವುದಿಲ್ಲ. ನನ್ನ ಪಾಲಿಗೆ ಅದು ಮಾನಸಿಕ ಆರೋಗ್ಯದ ವಿಷಯ.

ಮುಂದಿನ ಹೆಜ್ಜೆ, ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸುವ 21 ವೈಕಲ್ಯಗಳಲ್ಲಿ ಆಟಿಸಂ ಒಂದು. ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆಂದು ಅದರ 25ನೇ ಕಲಂ ಹೇಳುತ್ತದೆ. ದಾಖಲೆ ತರಿಸಲು, ಅಧಿಕಾರಿಗಳನ್ನು ಕರೆಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಮಾಡಿದ ಶಿಫಾರಸನ್ನು ಇಲಾಖೆ ಒಪ್ಪದಿದ್ದರೆ ಮೂರು ತಿಂಗಳೊಳಗೆ ಕಾರಣವನ್ನು ಆಯುಕ್ತರಿಗೂ ನೊಂದವರಿಗೂ ತಿಳಿಸಬೇಕು. ಈ ಕೊನೆಯ ಮಾತನ್ನು ನಾನು ತಾಯಿಗೆ ಬಿಡಿಸಿ ಹೇಳಿದೆ: "ಇಲ್ಲಿ ಕರೀತೀವಿ ಅಂತ ಹೇಳಿ ಸುಮ್ಮನಾಗೋಕೆ ಆಗಲ್ಲ. ಇಲ್ಲ ಅಂದ್ರೂ ಬರೆದೇ ಹೇಳಬೇಕು."

ಒಬ್ಬರೇ ಹೋಗಬೇಡಿ ಎಂದೂ ಹೇಳಿದೆ. ಅವರ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಸ್ವತಃ ಕಾಲಿನ ವೈಕಲ್ಯ ಇರುವವರು, ಮೂರು ಚಕ್ರದ ಸ್ಕೂಟರಿನಲ್ಲಿ ಸುತ್ತಿ ಅದೇ ಕೇಂದ್ರಕ್ಕೆ ಕಾಯುತ್ತಿದ್ದ ಇನ್ನೂ ನಾಲ್ಕು ಮನೆಗಳನ್ನು ಹುಡುಕಿದರು. ಐದೂ ಮನೆಯವರ ಸಹಿಯ ದೂರು ಹೋಯಿತು. ಅದರ ಒಂದು ಪ್ರತಿಯನ್ನು ಶಾಸಕರ ಕಚೇರಿಗೂ ಕೊಟ್ಟು, ಇಲಾಖೆಗಳ ಕೆಲಸ ಪರಿಶೀಲಿಸುವ ತ್ರೈಮಾಸಿಕ ಕೆಡಿಪಿ ಸಭೆಯಲ್ಲಿ ಆರೋಗ್ಯ ಇಲಾಖೆಯ ಸರದಿ ಬಂದಾಗ ಕೇಳಿ ಎಂದು ಕೋರಿದರು. ಕೇಳಿದರೆಂದು ಆಮೇಲೆ ತಿಳಿಯಿತು.

ಇದೆಲ್ಲ ನಡೆಯುವಾಗ ಮಗು ಕಾಯಲಾರದು. ಮನೆಯಲ್ಲಿ ಏನು ಮಾಡಬಹುದೆಂದು ನನಗೆ ಪರಿಚಯದ ಸ್ಪೀಚ್ ಥೆರಪಿಸ್ಟ್ ಒಬ್ಬರನ್ನು ಕೇಳಿ ತಿಳಿದು ಹೇಳಿಕೊಟ್ಟೆ. ಪುಟ್ಟ ಕೈ ಹಿಡಿದು ಎಳೆದಾಗ ತಕ್ಷಣ ನೀರು ಕೊಡಬೇಡಿ. ಅವನ ಎತ್ತರಕ್ಕೆ ಕೂತು, ಲೋಟ ತೋರಿಸಿ, "ನೀರು" ಎಂದು ಒಂದೇ ಪದ ಹೇಳಿ ಐದು ಎಣಿಸುವಷ್ಟು ಕಾಯಿರಿ. ಅವನ ನೋಟವೋ ದನಿಯೋ ಬೆರಳೋ ಏನು ಬಂದರೂ ಅದನ್ನೇ ಮಾತೆಂದು ಒಪ್ಪಿ ಕೊಡಿ. ಅವನ ಸ್ವಂತ ಲೋಟದ, ತಟ್ಟೆಯ, ಚಪ್ಪಲಿಯ ಫೋಟೊ ತೆಗೆಸಿ ಲ್ಯಾಮಿನೇಟ್ ಮಾಡಿಸಿ ಅವನ ಕೈಗೆಟುಕುವ ಮೊಳೆಗೆ ನೇತುಹಾಕಿ. ಇದು ಥೆರಪಿಗೆ ಬದಲಿಯಲ್ಲ. ಮನೆಯಲ್ಲೇ ಮಾಡಿಕೊಳ್ಳಿ ಎಂದು ಹೇಳಿ ಕಳಿಸುವ ಅಧಿಕಾರಿಗಳಿಗೆ ಈ ಮಾತು ನೆಪವಾಗಬಾರದು.

ಕಾಯುವ ಕಾಲದಲ್ಲಿ ಇನ್ನೊಂದು ಅಪಾಯವೂ ಹೊಸ್ತಿಲಿಗೆ ಬಂದಿತ್ತು. ದೊಡ್ಡ ಊರಿನ ಒಂದು ಕಡೆ ಸ್ಟೆಮ್ ಸೆಲ್ ಹಾಕಿಸಿದರೆ ಗುಣವಾಗುತ್ತದೆ ಎಂದು ಸಂಬಂಧಿಕರೊಬ್ಬರು ಹೇಳಿ, ಒಡವೆ ಅಡವಿಡುವ ಮಾತು ನಡೆದಿತ್ತು. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ ಎಂದು ತಿಳಿಸಿದೆ. ಸರ್ಕಾರಿ ಬಾಗಿಲು ವರ್ಷಗಟ್ಟಲೆ ತೆರೆಯದಿದ್ದರೆ ಜನ ಇಂಥ ಬಾಗಿಲು ತಟ್ಟುತ್ತಾರೆ. ಅವರನ್ನು ಬಯ್ದು ಫಲವಿಲ್ಲ. ಒಡವೆ ಪೆಟ್ಟಿಗೆಯಲ್ಲೇ ಉಳಿಯಿತು. ವೈಕಲ್ಯ ಪ್ರಮಾಣಪತ್ರ ಮಾಡಿಸಿ ಎಂದೆ. ಇಸಾ ಎಂಬ 40 ಅಂಶಗಳ ಮಾಪಕದಿಂದ ಆಟಿಸಂನ ಪ್ರಮಾಣ ಅಳೆಯುತ್ತಾರೆ. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಕೈಗೆ ಬಂದ ಮೇಲೆ ರಾಷ್ಟ್ರೀಯ ನ್ಯಾಸದ, ಅಂದರೆ ನ್ಯಾಷನಲ್ ಟ್ರಸ್ಟಿನ, ನಿರಾಮಯ ಆರೋಗ್ಯ ವಿಮೆಗೆ ಸೇರಿಸಿದರು. ವರ್ಷಕ್ಕೆ ಒಂದು ಲಕ್ಷದವರೆಗಿನ ಆ ವಿಮೆಯಲ್ಲಿ ಥೆರಪಿಯ ಖರ್ಚಿಗೂ ಒಂದು ಪಾಲಿದೆ.

ದೂರು ಹೋಗಿ ಐದು ತಿಂಗಳಿಗೆ ಆಸ್ಪತ್ರೆಯಲ್ಲಿ ಒಂದು ಉದ್ದನೆಯ ರಿಜಿಸ್ಟರ್ ಬಂತು. ಹೆಸರು ಬರೆಸಿದವರಿಗೆ ಕ್ರಮಸಂಖ್ಯೆ, ದಿನಾಂಕ, ಮೊಹರು ಇರುವ ಚೀಟಿ ಕೊಡುತ್ತಿದ್ದಾರೆ. ಖಾಲಿ ಹುದ್ದೆ ನಾನು ಇದನ್ನು ಬರೆಯುವ ಹೊತ್ತಿಗೂ ಖಾಲಿಯೇ ಇದೆ, ಐದು ಮನೆಯವರು ಅದರ ಬೆನ್ನು ಬಿಟ್ಟಿಲ್ಲ. ಪಕ್ಕದ ಜಿಲ್ಲೆಯ ಥೆರಪಿಸ್ಟ್ ಎರಡರ ಬದಲು ಮೂರು ದಿನ ಬರುತ್ತಾರೆ. ಅರ್ಜಿ ಹಾಕಿದ್ದಕ್ಕೆ ಅವರು ಬೇಸರಪಡಲಿಲ್ಲ. "ಈ ಪಟ್ಟಿ ತೋರಿಸಿಯೇ ನಾನೂ ಇನ್ನೊಬ್ಬರು ಬೇಕು ಅಂತ ಬರೆದೆ" ಎಂದರಂತೆ.

ಪುಟ್ಟನ ಸರದಿ ಬಂದದ್ದು ಒಂದು ಶುಕ್ರವಾರ. ಹಿಂದಿನ ಸಂಜೆ ತಾಯಿ ನನಗೊಂದು ಫೋಟೊ ಕಳಿಸಿದರು. ಮೊಹರಿನ ಚೀಟಿ, ಅದರ ಪಕ್ಕದಲ್ಲಿ ಅಂಚು ಕಚ್ಚಿ ಸುಕ್ಕಾದ ಲೋಟದ ಕಾರ್ಡು. ಕಾರ್ಡನ್ನೂ ಜೊತೆಗೆ ಒಯ್ಯಲೇ, ಥೆರಪಿ ಮೇಡಂ ಏನಾದರೂ ಅಂದುಕೊಳ್ಳುತ್ತಾರಾ ಎಂದು ಕೇಳಿದ್ದರು. ಒಯ್ಯಿರಿ, ಮೊದಲು ಅದನ್ನೇ ತೋರಿಸಿ ಎಂದು ಬರೆದೆ.