ಕೆಸರಿನ ಲ್ಯಾಬಲ್ಲಿ ದಿನವಿಡೀ ಎಂತ ಮಾಡುದು?

ಮಗಳು ಬಿಎಸ್ಸಿ ಮುಗ್ಸಿ ಸಮುದ್ರದ ಸೆಡಿಮೆಂಟ್ ಲ್ಯಾಬಿಗೆ ಸೇರ್ತೇನೆ ಹೇಳ್ತಾಳೆ, ಕೆಸರು ತೊಳಿಲಿಕ್ಕೆ ಇಷ್ಟೆಲ್ಲ ಓದ್ಬೇಕಾ ಅಂತ ಕೇಳಿದ್ದೀರಿ. ನಾನು ಕುಂಬಳೆ ಕಡೆಯವಳು, ಒಂದು ಯೂನಿವರ್ಸಿಟಿಯ ಇಂಥದ್ದೇ ಲ್ಯಾಬಲ್ಲಿ ಆರು ವರ್ಷ ಇದ್ದೆ. ತೊಳೆಯುದು ಜಾಸ್ತಿ ಉಂಟು, ಸುಳ್ಳು ಹೇಳುದಿಲ್ಲ. ಆದ್ರೆ ಆ ಕೆಸರು ಒಂದರ ಮೇಲೆ ಒಂದು ಕೂತ ವರ್ಷಗಳು, ಅದನ್ನು ಕೆಡಿಸದೆ ಬಿಡಿಸುದೇ ಅಲ್ಲಿ ಕಲಿಯುವ ವಿದ್ಯೆ.

ಶಿರಿಯ ಅಳಿವೆಯಲ್ಲಿ ನೀರು ಇಳಿದ ಹೊತ್ತಿಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಹತ್ರ ಪಿವಿಸಿ ಪೈಪನ್ನು ಕೆಸರಿಗೆ ಹೊಡೆದು ಇಳಿಸಿ, ಮೇಲಿನ ಬಾಯಿಗೆ ನೀರು ತುಂಬಿಸಿ ಮುಚ್ಚಳ ಬಿಗಿದು ಎಳಿತೇವೆ, ಆಗ ಒಳಗಿನ ಕೆಸರು ಜಾರುದಿಲ್ಲ. ಲ್ಯಾಬಿಗೆ ತಂದು ಕೆಳಗಿಂದ ನೂಕ್ತಾ ಒಂದೊಂದು ಸೆಂಟಿಮೀಟರ್ ಪ್ಲಾಸ್ಟಿಕ್ ಚೂರಿಯಲ್ಲಿ ಕೊಯ್ಯುದು, ಲೋಹ ತಾಗ್ಬಾರ್ದು. ಸುತ್ತಿನ ಅಂಚು ಬಿಸಾಡ್ಬೇಕು, ಯಾಕಂದ್ರೆ ಪೈಪು ಇಳಿಯುವಾಗ ಮೇಲಿನ ಕೆಸರು ಅಲ್ಲಿ ಉಜ್ಜಿರ್ತದೆ. ಕೆಸರಲ್ಲಿರುವ ಸೀಸ-210 ಅನ್ನುವ ವಿಕಿರಣಶೀಲ ಸೀಸ ಸುಮಾರು 22 ವರ್ಷಕ್ಕೊಮ್ಮೆ ಅರ್ಧ ಆಗ್ತಾ ಬರ್ತದೆ, ಅದನ್ನು ಅಳೆದ್ರೆ ಯಾವ ಪದರ ಯಾವಾಗ ಕೂತದ್ದು ಅಂತ ಹೆಚ್ಚುಕಡಿಮೆ ನೂರು ವರ್ಷದ ಹಿಂದಿನ ತನಕ ಸಿಗ್ತದೆ.

ಆಮೇಲೆ ತೊಳೆಯುದು. ಉಪ್ಪು ಪೂರ್ತಿ ಹೋಗ್ಬೇಕು, ಇಲ್ಲಾಂದ್ರೆ ಜೇಡಿಯ ಕಣಗಳು ಮುದ್ದೆ ಕಟ್ಟಿ ಬೇಗ ತಳಕ್ಕೆ ಕೂತು ಯಾವ ಗಾತ್ರದ ಕಣ ಎಷ್ಟುಂಟು ಅನ್ನುವ ಲೆಕ್ಕವೇ ತಪ್ತದೆ. 63 ಮೈಕ್ರಾನಿನ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಜರಡಿಯಲ್ಲಿ ನಿಂತದ್ದು ಹೊಯಿಗೆ, ಇಳಿದದ್ದನ್ನು ಉದ್ದ ಸಿಲಿಂಡರಲ್ಲಿ ಕಲಕಿ ಬಿಟ್ಟು ಗಡಿಯಾರ ನೋಡ್ತಾ ಪಿಪೆಟ್ಟಲ್ಲಿ ಎಳಿಬೇಕು. 2 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಲಿಕ್ಕೆ 20 ಡಿಗ್ರಿ ನೀರಲ್ಲಿ ಸುಮಾರು 8 ಗಂಟೆ, ನಮ್ಮ ಸೆಕೆಗೆ ಸ್ವಲ್ಪ ಬೇಗ. ನೀರು ಅಲುಗದ ಹಾಗೆ ಪಿಪೆಟ್ ಇಳಿಸುದನ್ನು ನನಗೆ ಹೇಳಿಕೊಟ್ಟದ್ದು ಲ್ಯಾಬಿನ ಅಟೆಂಡರಣ್ಣ, ಅವರ ಕೈ ಅಷ್ಟು ಸ್ಥಿರ, ಇವತ್ತಿಗೂ ಅವರನ್ನು ಗುರು ಅಂತಲೇ ನೆನಪು ಮಾಡ್ತೇನೆ.

ನನಗೆ ತುಂಬ ಪ್ರೀತಿ ಫೊರಾಮಿನಿಫೆರಾ ಹೆಕ್ಕುವ ಕೆಲಸ. ಒಂದೇ ಕೋಶದ ಜೀವಿ, ಹೆಚ್ಚಿನವು ಸುಣ್ಣದ ಚಿಪ್ಪು ಕಟ್ಟಿಕೊಳ್ತವೆ, ಮೈಕ್ರೋಸ್ಕೋಪಿನ ಕೆಳಗೆ ಸಣ್ಣ ಬ್ರಶ್ಶಿನ ತುದಿ ಒದ್ದೆ ಮಾಡಿ ಒಂದೊಂದೇ ಎತ್ತಿ ಸ್ಲೈಡಿಗೆ ಇಡುದು. ಯಾವ ಜಾತಿ ಎಷ್ಟುಂಟು ನೋಡಿದ್ರೆ ಆಗ ಅಲ್ಲಿ ಉಪ್ಪುನೀರು ಜಾಸ್ತಿ ಇತ್ತಾ ಹೊಳೆ ನೀರಾ ಅಂತ ಅಂದಾಜು ಸಿಗ್ತದೆ.

ಒಂದ್ಸಲ ನಾನು ಡಬ್ಬಿಯ ಲೇಬಲ್ ಸರಿ ನೋಡದೆ, ಚಿಪ್ಪು ಹೆಕ್ಲಿಕ್ಕೆ ಇಟ್ಟ ಪಾಲಿಗೆ ಆಸಿಡ್ ಹಾಕಿಬಿಟ್ಟೆ. ಬುರುಬುರು ನೊರೆ ಬಂತು, ಚಿಪ್ಪೆಲ್ಲ ಕರಗಿ ಹೋಯ್ತು. ಆ ಕೋರಿನ, ಅಂದ್ರೆ ಪೈಪಲ್ಲಿ ಎಳೆದ ಕೆಸರಿನ ಕಂಬದ, ಆ ಒಂದು ಸೆಂಟಿಮೀಟರ್ ಇನ್ನು ಲೋಕದಲ್ಲೇ ಇಲ್ಲ. ಅವತ್ತು ಊಟ ಸೇರ್ಲಿಲ್ಲ ನನಗೆ. ಗೈಡ್ ಮೇಡಂ ಬಯ್ಲಿಲ್ಲ, ಆದದ್ದನ್ನು ಹಾಗೇ ರಿಜಿಸ್ಟರಲ್ಲಿ ಬರೆದು ಗ್ರಾಫಲ್ಲಿ ಆ ಜಾಗ ಖಾಲಿ ಬಿಡು ಅಂದ್ರು. ನನ್ನ ಥೀಸಿಸ್ಸಲ್ಲಿ ಅದು ಖಾಲಿಯಾಗಿಯೇ ಉಂಟು.

ನಮ್ಮ ಕಡೆಯವರಿಗೆ ಹತ್ರ ಅಂದ್ರೆ ಕೊಣಾಜೆಯಲ್ಲಿ ಮಂಗಳೂರು ವಿವಿಯ ಮೆರೈನ್ ಜಿಯಾಲಜಿ ವಿಭಾಗ, ಪೆರಿಯದ ಕೇಂದ್ರೀಯ ವಿವಿಯಲ್ಲಿ ಜಿಯಾಲಜಿ ಉಂಟು. ಕೆಲಸ ಬೇಗ ಸಿಗ್ತದೆ ಅಂತ ನಾನು ಮಾತು ಕೊಡುದಿಲ್ಲ. ಆದ್ರೆ ಮಗಳು ಎರಡು ಗಂಟೆ ಮೈಕ್ರೋಸ್ಕೋಪಿನ ಮುಂದೆ ಬೇಸರ ಇಲ್ಲದೆ ಕೂರ್ತಾಳೆ ಅಂತಾದ್ರೆ ದಯವಿಟ್ಟು ತಡಿಬೇಡಿ. ಅಳಿವೆಗೆ ಹೋಗುವ ದಿನ ಮಾತ್ರ ಚಪ್ಪಲಿ ಬೇಡ, ಕೆಸರು ಎಳ್ಕೊಳ್ತದೆ. ಬರಿಕಾಲೂ ಬೇಡ, ಮರುವಾಯಿ ಚಿಪ್ಪು ಕೊಯ್ತದೆ. ಹಗ್ಗ ಬಿಗಿಯುವ ಹಳೇ ಶೂ ಒಂದು ತೆಗೆದಿಟ್ಟುಕೊಳ್ಳಿ ಅವಳಿಗೆ.