ಗ್ರೀಸಿನ ಹೆಸರು, ಹಸುವಿನ ಹಾಲು

ಪ್ರಶ್ನೆ: ಅಮೆರಿಕದಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಂಗಡಿಯಲ್ಲಿ ‘ಫೆಟಾ’ ಚೀಸ್ ನೋಡಿದೆ. ಮಾಡಿದ್ದು ಅಲ್ಲೇ, ಅದೂ ಹಸುವಿನ ಹಾಲಿನಿಂದ. ಫೆಟಾ ಗ್ರೀಸ್ ದೇಶದ್ದು ತಾನೇ? ಹೀಗೆ ಹೆಸರು ಹಾಕಿಕೊಳ್ಳುವುದು ಕಾನೂನು ಪ್ರಕಾರ ತಪ್ಪಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಮೆರಿಕದಲ್ಲಿ ತಪ್ಪಲ್ಲ. ಅದೇ ಡಬ್ಬಿಯನ್ನು ಅದೇ ಹೆಸರಲ್ಲಿ ಫ್ರಾನ್ಸಿಗೆ ಒಯ್ದು ಮಾರಿದರೆ ತಪ್ಪು.

ಯುರೋಪಿಯನ್ ಒಕ್ಕೂಟ 2002ರಲ್ಲಿ ಈ ಹೆಸರನ್ನು ಗ್ರೀಸಿಗೆ ಮೀಸಲಿಟ್ಟಿತು. ಕನಿಷ್ಠ ಶೇ 70ರಷ್ಟು ಕುರಿ ಹಾಲು ಇರಬೇಕು, ಉಳಿದದ್ದು ಮೇಕೆ ಹಾಲು, ಅದೂ ಗ್ರೀಸಿನ ಗೊತ್ತುಮಾಡಿದ ಪ್ರದೇಶಗಳದ್ದೇ ಆಗಬೇಕು. ಹಸುವಿನ ಹಾಲಲ್ಲಿ ಫೆಟಾ ಮಾಡಿ ಮಾರುತ್ತಿದ್ದ ಡೆನ್ಮಾರ್ಕ್ ಸುಮ್ಮನಿರಲಿಲ್ಲ. ಅದೂ ಜರ್ಮನಿಯೂ ಕೋರ್ಟಿಗೆ ಹೋಗಿ 2005ರಲ್ಲಿ ಸೋತವು. ಆಮೇಲೂ ಡೆನ್ಮಾರ್ಕಿನ ಕಂಪನಿಗಳು ಒಕ್ಕೂಟದ ಹೊರಗಿನ ದೇಶಗಳಿಗೆ ಅದೇ ಹೆಸರಲ್ಲಿ ಚೀಸ್ ಕಳಿಸುತ್ತಲೇ ಇದ್ದವು, ರಫ್ತಿಗೆ ಈ ನಿಯಮ ಬರುವುದಿಲ್ಲ ಅಂತ ಅಲ್ಲಿನ ಸರ್ಕಾರವೇ ವಾದ ಮಾಡಿತು. 2022ರ ಜುಲೈನಲ್ಲಿ ಒಕ್ಕೂಟದ ನ್ಯಾಯಾಲಯ ಆ ವಾದವನ್ನೂ ತಳ್ಳಿಹಾಕಿತು.

ಅಮೆರಿಕ ಮಾತ್ರ ಫೆಟಾವನ್ನು ಒಂದು ಬಗೆಯ ಚೀಸ್‌ನ ಸಾಮಾನ್ಯ ಹೆಸರು ಅಂತಲೇ ನೋಡುತ್ತದೆ. ಒಂದು ದೇಶದ ಜನಬಳಕೆಯಲ್ಲಿ ಸಾಮಾನ್ಯವಾಗಿಬಿಟ್ಟ ಹೆಸರನ್ನು ಆ ದೇಶ ಕಾಪಾಡಲೇಬೇಕಿಲ್ಲ ಅಂತ ವಿಶ್ವ ವ್ಯಾಪಾರ ಸಂಸ್ಥೆಯ ಟ್ರಿಪ್ಸ್ (ಬೌದ್ಧಿಕ ಆಸ್ತಿ ಹಕ್ಕುಗಳ) ಒಪ್ಪಂದದಲ್ಲೇ ಇದೆ.

ನನಗೆ ಸರಿ ಕಾಣದ್ದು ಅದೇ ಒಪ್ಪಂದದ ಇನ್ನೊಂದು ಭೇದ. ವೈನ್, ವಿಸ್ಕಿಯಂಥ ಮದ್ಯಗಳಿಗೆ 23ನೇ ವಿಧಿಯಲ್ಲಿ ಬಿಗಿ ರಕ್ಷಣೆ ಇದೆ. ನಿಜವಾದ ಊರು ಬರೆದು ‘ಮಾದರಿ’, ‘ಶೈಲಿ’ ಅಂತ ಸೇರಿಸಿದರೂ ಬೇರೆಯವರ ಹೆಸರು ಬಳಸುವ ಹಾಗಿಲ್ಲ. ಚೀಸ್, ಚಹಾ, ಮೆಣಸಿನಕಾಯಿಗೆ ಇರುವುದು 22ನೇ ವಿಧಿ ಮಾತ್ರ, ಜನ ಮೋಸಹೋಗುತ್ತಾರೆ ಅಂತ ದೂರು ಕೊಟ್ಟವರೇ ತೋರಿಸಬೇಕು. ದ್ರಾಕ್ಷಿ ಬೆಳೆಯುವವರಿಗೆ ಸಿಕ್ಕಿದ್ದು ಕುರಿ ಸಾಕುವವರಿಗೆ ಯಾಕಿಲ್ಲ? ಈ ಬಿಗಿ ರಕ್ಷಣೆ ಎಲ್ಲ ಪದಾರ್ಥಗಳಿಗೂ ಬೇಕು ಅಂತ ಭಾರತ ವರ್ಷಗಳಿಂದ ಕೇಳುತ್ತಿದೆ, ಕೇಳಲೇಬೇಕು ಕೂಡ.

ಯಾಕೆಂದರೆ ಇದು ನಮ್ಮ ರೈತರಿಗೂ ತಟ್ಟುವ ವಿಷಯ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಚಿಕ್ಕಮಗಳೂರು ಅರೇಬಿಕಾ ಕಾಫಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿಗೆ ಕೊಡುವ ಭೌಗೋಳಿಕ ಗುರುತು) ಸಿಕ್ಕಿತು. ಆ ನೋಂದಣಿಗೆ ಬಲ ಇರುವುದು ಭಾರತದೊಳಗೆ. ಹೊರಗೂ ಅಷ್ಟೇ ಗಟ್ಟಿ ರಕ್ಷಣೆ ಬೇಕಾದರೆ ಆಯಾ ಕಡೆ ಬೇರೆಯಾಗಿ ಅರ್ಜಿ ಹಾಕಬೇಕು, ಖರ್ಚೂ ಜಾಸ್ತಿ. ಡಾರ್ಜಿಲಿಂಗ್ ಚಹಾದವರು ಹಾಗೆ ಮಾಡಿಯೇ 2011ರಲ್ಲಿ ಯುರೋಪಿನಲ್ಲಿ ತಮ್ಮ ಹೆಸರು ನೋಂದಾಯಿಸಿಕೊಂಡರು.

ಮುಂದಿನ ಸಲ ಅಮೆರಿಕದಲ್ಲಿ ಫೆಟಾ ಕೊಳ್ಳುವಾಗ ಎಲ್ಲಿ ಮಾಡಿದ್ದು, ಯಾವ ಹಾಲು ಅಂತ ಲೇಬಲ್ ಓದಿ. ಕೆಂಪು–ಹಳದಿ ಬಣ್ಣದ ‘ಪಿಡಿಒ’ (ಯುರೋಪಿಯನ್ ಒಕ್ಕೂಟದ ಮೂಲಸ್ಥಳ ರಕ್ಷಣೆಯ) ಮುದ್ರೆ ಇದ್ದರೆ ಅದು ಗ್ರೀಸಿನದ್ದೇ.