ಯಾಜಕಕಾಂಡದಲ್ಲಿ ನಿಂತುಹೋದ ಓದಿನ ಬಗ್ಗೆ

ಬೈಬಲಿನ ಮೂರನೇ ಪುಸ್ತಕ ಯಾಜಕಕಾಂಡದಲ್ಲಿ ಓದು ನಿಂತುಹೋಯಿತು, ಒಂದು ದಿನ ಓದು ತಪ್ಪಿದರೂ ದೇವರ ಕೃಪೆ ಕೈತಪ್ಪಿತು ಅನ್ನಿಸುತ್ತದೆ ಅಂತ ಬರೆದಿದ್ದೀರಲ್ಲ, ಬಹುಶಃ ತೊಂದರೆ ಓದಿನದಲ್ಲ, ಕೃಪೆಯನ್ನು ಸಂಬಳದ ಹಾಗೆ ಲೆಕ್ಕ ಹಾಕುತ್ತಿರುವುದು. ನಾನೂ ಹಾಗೇ ಮಾಡಿದ್ದೆ. ಯಾಜಕಕಾಂಡ ಸದ್ಯಕ್ಕೆ ಬಿಡಿ. 27 ಅಧ್ಯಾಯ, ಬಲಿ, ಶುದ್ಧಿಯ ನಿಯಮ, ಅಲ್ಲೇ ಸುಸ್ತಾಗುವವರು ಜಾಸ್ತಿ.

ಮೊದಲು ಹೊಸ ಒಡಂಬಡಿಕೆಯಲ್ಲಿರುವ ಎಫೆಸದವರಿಗೆ ಬರೆದ ಪತ್ರ, 2ನೇ ಅಧ್ಯಾಯದ 8 ಮತ್ತು 9ನೇ ವಚನ ಓದಿ. ರಕ್ಷಣೆ ದೇವರು ಕೊಟ್ಟಿದ್ದು, ನಾವು ದುಡಿದು ಗಳಿಸಿದ್ದಲ್ಲ ಅಂತ ನೇರವಾಗಿಯೇ ಇದೆ. 10ನೆಯದನ್ನೂ ಬಿಡಬೇಡಿ, ಒಳ್ಳೆಯ ಕೆಲಸದ ಮಾತು ಬರುವುದು ಅಲ್ಲಿ, ಕೃಪೆ ಆದ ಮೇಲೆ. ಆಮೇಲೆ ಲೂಕನ ಸುವಾರ್ತೆಯ 15ನೇ ಅಧ್ಯಾಯ, ಯೇಸು ಹೇಳಿದ ಕಥೆ. ಹಾಳಾಗಿ ಬಂದ ಮಗ ಇನ್ನೂ ದೂರದಲ್ಲಿರುವಾಗಲೇ ಅಪ್ಪ ಓಡಿ ಬಂದು ತಬ್ಬಿಕೊಳ್ಳುತ್ತಾನೆ, ಮಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದ ಮಾತನ್ನು ಪೂರ್ತಿ ಮುಗಿಸುವುದಕ್ಕೂ ಬಿಡುವುದಿಲ್ಲ.

ಮಂಡ್ಯದಿಂದ ಮೈಸೂರಿಗೆ ರೈಲಿನಲ್ಲಿ ಓದುವವರು ನೀವು, ಶ್ರೀರಂಗಪಟ್ಟಣ ಬರುವಷ್ಟರಲ್ಲಿ ಪುಸ್ತಕ ಮುಚ್ಚಿ, ಉಳಿದ ದಾರಿ ಸುಮ್ನೆ ಅದನ್ನೇ ಯೋಚಿಸಿ. ಯಾವ ಸಭೆಯವರು, ಅಂದರೆ ಯಾವ ಕ್ರೈಸ್ತ ಪಂಗಡದವರು ಅಂತ ನೀವು ಬರೆದಿಲ್ಲ. ಕ್ಯಾಥೊಲಿಕರಾದರೆ ಕೃಪೆಯ ಜೊತೆ ಸಂಸ್ಕಾರಗಳ (ದೀಕ್ಷಾಸ್ನಾನದಂಥ ವಿಧಿಗಳ) ವಿಷಯವೂ ಬರುತ್ತದೆ, ಅದನ್ನು ನಿಮ್ಮ ಫಾದರ್ ಹತ್ತಿರ ಕೇಳಿಕೊಳ್ಳಿ. ಓದು ತಪ್ಪಿದರೆ ಮರುದಿನ ಎರಡು ಪಾಲು ಓದಿ ಸರಿದೂಗಿಸಲು ಹೋಗಬೇಡಿ.